ಸೋಟೋ ಸಂಬಳ ಜಾಸ್ತೀನಾ?

ಬೆಳಿಗ್ಗೆಯಿಂದ ತಲೆಯಲ್ಲಿ ಇದೇ ಓಡುತ್ತಿದೆ. ಬೇಸ್‌ಬಾಲ್ ಆಟಗಾರ ಹುವಾನ್ ಸೋಟೋಗೆ ನ್ಯೂಯಾರ್ಕ್ ಮೆಟ್ಸ್ ತಂಡ 2024ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿದ್ದು 15 ವರ್ಷಕ್ಕೆ 76.5 ಕೋಟಿ ಡಾಲರ್. ಬೇಸ್‌ಬಾಲ್ ಆಡುವವನಿಗೆ ಇಷ್ಟೊಂದಾ ಅಂತ ಕೇಳುತ್ತಾರೆ. ನನಗೆ ಜಾಸ್ತಿ ಅನ್ನಿಸುವುದಿಲ್ಲ. ಜನ ಟಿಕೆಟ್ ತಗೊಳ್ಳುವುದು, ಟಿವಿಯವರು ದುಡ್ಡು ಸುರಿಯುವುದು ಆಟ ನೋಡಲಿಕ್ಕೆ, ಆ ದುಡ್ಡು ಆಡುವವನಿಗೆ ಸಿಗದಿದ್ದರೆ ಮಾಲೀಕನ ಜೇಬಿಗೆ ಹೋಗುತ್ತದೆ ಅಷ್ಟೇ, ಟಿಕೆಟ್ ಏನೂ ಅಗ್ಗ ಆಗುವುದಿಲ್ಲ ಅಲ್ವಾ? 1975ರ ತನಕ ಆಟಗಾರ ತಾನಾಗಿ ತಂಡ ಬಿಡುವ ಹಾಗೇ ಇರಲಿಲ್ಲ. ಕೊಟ್ಟಷ್ಟು ತಗೊಂಡು ಆಡಬೇಕಿತ್ತು.

ನನ್ನ ಕರುಳು ಚುರುಕ್ ಅನ್ನುವುದು ಮೈನರ್ ಲೀಗ್, ಅಂದರೆ ದೊಡ್ಡ ಲೀಗ್‌ಗಿಂತ ಕೆಳಗಿನ ಹಂತಗಳಲ್ಲಿ ಆಡುವ ಹುಡುಗರನ್ನು ನೆನೆದಾಗ. ಮೈನರ್ ಲೀಗ್‌ನಲ್ಲೇ ಎಲ್ಲಕ್ಕಿಂತ ಮೇಲಿನ ಹಂತವಾದ ಟ್ರಿಪಲ್ ಎನಲ್ಲಿ ಕೂಡ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್ ಆಗಿದ್ದು 2023ರಲ್ಲಿ. ಮೊದಲು 17,500 ಇತ್ತು. ಅಮೆರಿಕದಂಥ ಕಡೆ ಅಷ್ಟರಲ್ಲಿ ವರ್ಷ ಹೇಗೆ ಕಳೆದರೋ.