ಈ ಬ್ಯಾಕ್‌ಗ್ರೌಂಡ್ ಎಲ್ಲಿಂದ ಡೌನ್‌ಲೋಡ್ ಮಾಡ್ತೀರಿ?

ಚಿಕ್ಕಮಗಳೂರಿನ ನನ್ನ ಸ್ಟುಡಿಯೋಗೆ ಬರುವ ಫೋಟೋಗ್ರಾಫರ್ ಹುಡುಗರೆಲ್ಲ ಕೇಳುವುದು ಇದನ್ನೇ. ಸ್ಟುಡಿಯೋದಲ್ಲಿ ತೆಗೆದ ಜನರ ಫೋಟೋದ ಹಿಂದೆ ಕಂಪ್ಯೂಟರ್‌ನಲ್ಲಿ ಕೂರಿಸುವ ಚಿತ್ರದ ಮಾತು ಇದು. ಡೌನ್‌ಲೋಡ್ ಮಾಡಲ್ಲ, ನಾನೇ ತೆಗೀತೀನಿ ಅಂದರೆ ಗುಟ್ಟು ಬಿಡುತ್ತಿಲ್ಲ ಅಂದುಕೊಳ್ಳುತ್ತಾರೆ.

ಮೊದಲು ನಾನೂ ಇಳಿಸಿಕೊಳ್ಳುತ್ತಿದ್ದವನೇ. ಒಮ್ಮೆ ತೋಟದ ಯಜಮಾನರೊಬ್ಬರ ಷಷ್ಟಿಪೂರ್ತಿ ಫೋಟೋಗೆ ಕಾಫಿ ತೋಟದ ಹಿನ್ನೆಲೆ ಹಾಕಿಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ನೋಡಿದವರು, "ಒಂದು ಮರವೂ ಇಲ್ಲವಲ್ಲ ಮಾರಾಯ, ಇದ್ಯಾವ ದೇಶದ ಕಾಫಿ?" ಅಂದರು. ನಿಜವೇ. ಬ್ರೆಜಿಲ್ ಕಡೆಯಂತೆ ಬಟಾಬಯಲಿನಲ್ಲಿ ಸಾಲುಗಿಡ. ಸಿಲ್ವರ್ ಓಕ್ ಇಲ್ಲ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇಲ್ಲ.

ಅಂದಿನಿಂದ ಹಿನ್ನೆಲೆಯನ್ನು ಇಲ್ಲೇ ಹುಡುಕುತ್ತೇನೆ. ಹಳೇ ಮನೆಯ ಸುಣ್ಣದ ಗೋಡೆ, ಹಿರೇಕೊಳಲೆ ಕೆರೆ ಏರಿ, ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಹೂ ಅರಳಿ ಬೆಳ್ಳಗಾದ ಕಾಫಿ ಗಿಡಗಳು. ಮೋಡ ಕವಿದ ದಿನವೇ ಹೋಗುತ್ತೇನೆ. ಬಿಸಿಲಿದ್ದರೆ ನೆರಳು ಒಂದು ಕಡೆಗೆ ಬಿದ್ದಿರುತ್ತದೆ, ಸ್ಟುಡಿಯೋದ ಲೈಟನ್ನೂ ಅದಕ್ಕೇ ಹೊಂದಿಸಬೇಕು. ಮೋಡದ ಬೆಳಕಿಗೆ ಆ ತಕರಾರಿಲ್ಲ.

ಗುಟ್ಟು ಅಂತ ಏನಾದರೂ ಇದ್ದರೆ ಇದು: ಜೊತೆಗಿರುವ ಹುಡುಗನನ್ನು ಎಂಟು ಅಡಿ ದೂರ ನಿಲ್ಲಿಸಿ, ಅವನ ಕಣ್ಣಿಗೆ ಫೋಕಸ್ ಮಾಡಿ, ಫೋಕಸ್ ಕದಲದಂತೆ ಲೆನ್ಸನ್ನು ಮ್ಯಾನುಯಲ್‌ಗೆ ಹಾಕಿ, ಆಮೇಲೆ ಅವನನ್ನು ಪಕ್ಕಕ್ಕೆ ಕಳಿಸಿ ಕ್ಲಿಕ್ಕಿಸುತ್ತೇನೆ. ಅವನು ನಿಂತ ನೆಲ ಸ್ಪಷ್ಟ, ಹಿಂದಿನ ಗಿಡ ಮಸುಕು. ಫೋಟೋಶಾಪ್‌ನಲ್ಲಿ ಇಡೀ ಚಿತ್ರಕ್ಕೆ ಬ್ಲರ್ ಹಚ್ಚಿದರೆ ಹೀಗೆ ಬರುವುದಿಲ್ಲ. ಕಾಲ ಕೆಳಗಿನ ನೆಲವೂ ಕರಗಿ, ಮನುಷ್ಯ ತೇಲುತ್ತಿರುವಂತೆ ಕಾಣುತ್ತಾನೆ. ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ಯಾವ ಲೆನ್ಸ್ ಎಂದು ಬರೆದಿಟ್ಟುಕೊಂಡು, ಸ್ಟುಡಿಯೋದಲ್ಲೂ ಅಷ್ಟೇ ಎತ್ತರಕ್ಕೆ ಟ್ರೈಪಾಡ್ ನಿಲ್ಲಿಸುತ್ತೇನೆ. ಎತ್ತರ ತಪ್ಪಿದರೆ ದಿಗಂತದ ಗೆರೆ ತಪ್ಪು ಜಾಗದಲ್ಲಿ ಹಾದು ಕುತ್ತಿಗೆ ಕೊಯ್ಯುತ್ತದೆ!

ಅಳತೆಯ ವಿಷಯ ಸುಲಭ. 12×18 ಇಂಚಿನ ಪ್ರಿಂಟ್‌ಗೆ ಇಂಚಿಗೆ 300ರಂತೆ 3600×5400 ಪಿಕ್ಸೆಲ್ ಬೇಕು, 24 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಕು. ವಾಟ್ಸಾಪ್‌ನಲ್ಲಿ ಫೋಟೋ ಅಂತಲೇ ಕಳಿಸಿ ಕುಗ್ಗಿಹೋದ ಚಿತ್ರವನ್ನು ಮಾತ್ರ ನನ್ನ ಮುಂದೆ ತರಬೇಡಿ.

ಜನರನ್ನು ಚಿತ್ರದಿಂದ ಕತ್ತರಿಸಿಕೊಳ್ಳಲು ಅವರ ಹಿಂದೆ ಹಸಿರು ಬಟ್ಟೆ ಕಟ್ಟುವುದನ್ನು ಬಿಟ್ಟು ವರ್ಷಗಳಾದವು. ಬಿಳಿ ಪಂಚೆಯ ಅಂಚಿಗೆಲ್ಲ ಹಸಿರು ಮೆತ್ತಿ, ತೆಗೆಯುವಷ್ಟರಲ್ಲಿ ರಾತ್ರಿ ಎರಡಾಗುತ್ತಿತ್ತು. ಈಗ ಬೂದು ಬಟ್ಟೆ, ಅದರಿಂದ ಆರಡಿ ಮುಂದೆ ಜನ. ಕೂದಲಿನ ಅಂಚಿನಲ್ಲಿ ಸ್ವಲ್ಪ ಬೂದು ಉಳಿದರೂ ಮಲೆನಾಡಿನ ಮಂಜಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಪಾದದಡಿ ತೆಳು ನೆರಳು, ಎರಡೂ ಒಂದೇ ಚಿತ್ರದಂತೆ ಬೆರೆಯಲು ಇಡೀ ಚಿತ್ರದ ಮೇಲೆ ಒಂದಿಷ್ಟು ನಾಯ್ಸ್, ಅಂದರೆ ಸಣ್ಣ ಕಾಳಿನಂಥ ಚುಕ್ಕೆಗಳು.

ಅದೇ ಯಜಮಾನರು ಹೋದ ವರ್ಷ ಮಗನ ನಿಶ್ಚಿತಾರ್ಥದ ಫೋಟೋಗೆ ಬಂದಿದ್ದರು. ಈ ಸಲ ಅವರದೇ ಕಾಫಿ ಕಣಕ್ಕೆ ಹೋಗಿ ಹಿನ್ನೆಲೆ ತೆಗೆದುಕೊಂಡು ಬಂದೆ. ಮೂಲೆಯಲ್ಲಿ ಮಡಚಿಟ್ಟ ನೀಲಿ ಟಾರ್ಪಾಲು ಬಿದ್ದಿತ್ತು. ಅಳಿಸಲು ಹೊರಟರೆ, "ಇರಲಿ ಬಿಡು, ಅದು ನಮ್ಮದೇ" ಅಂದರು.