ಇವಿಯಲ್ಲಿ ಶಿರಾಡಿ ಹತ್ತಿ ಬೆಂಗಳೂರಿಗೆ: ಮಂಗಳೂರಿನಿಂದ ಹೊರಡುವವರಿಗೆ ನನ್ನ ಲೆಕ್ಕ

ಮಂಗಳೂರಿನಲ್ಲಿ ಹಸಿರು ನಂಬರ್ ಪ್ಲೇಟಿನ ಕಾರು, ಅಂದರೆ ಇವಿ (ಎಲೆಕ್ಟ್ರಿಕ್ ಕಾರು) ಇಟ್ಟುಕೊಂಡವರಿಗೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. "ಎಷ್ಟು ಕೊಡ್ತದೆ?" ಆಮೇಲೆ, "ಶಿರಾಡಿ ಹತ್ತುತ್ತದಾ ಮಾರಾಯ್ರೆ?" ಹತ್ತುತ್ತದೆ. ನನ್ನ ಹಳೆ ಪೆಟ್ರೋಲ್ ಕಾರಿಗಿಂತ ಚೆನ್ನಾಗಿಯೇ ಹತ್ತುತ್ತದೆ. ಗ್ಯಾಸ್ ಟ್ಯಾಂಕರ್ ಹಿಂದೆ ತೆವಳಿಕೊಂಡು ಹೋಗುತ್ತಿರುವಾಗ ಸ್ವಲ್ಪ ಜಾಗ ಸಿಕ್ಕಿದರೆ ಕಾಲು ಒತ್ತಿದ್ದೇ ತಡ, ಮುಂದೆ ಇರುತ್ತೀರಿ. ತಲೆನೋವು ಶುರುವಾಗುವುದು ಘಾಟಿ ಮುಗಿದ ಮೇಲೆ, ಚಾರ್ಜರ್ ಹುಡುಕುವಾಗ.

ನಾವು ಹೋದದ್ದು ಏಪ್ರಿಲ್ ಕೊನೆಯಲ್ಲಿ. ಬೆಂಗಳೂರಿನಲ್ಲಿ ತಮ್ಮನ ಮನೆ ಒಕ್ಕಲು. ಕಾರಿನಲ್ಲಿ ನಾನು, ಹೆಂಡತಿ, ಮಗ, ಅಮ್ಮ. ಡಿಕ್ಕಿಯಲ್ಲಿ ಕುಚ್ಚಲಕ್ಕಿ ಚೀಲ, ತೆಂಗಿನಕಾಯಿ, ಒಂದು ದೊಡ್ಡ ಹಲಸಿನ ಹಣ್ಣು. ಬ್ಯಾಟರಿ 40.5 ಯೂನಿಟ್‌ನದ್ದು. ಕಾಗದದ ಮೇಲೆ 465 ಕಿಲೋಮೀಟರ್, ಆದರೆ ಅದು ಪರೀಕ್ಷಾ ಕೇಂದ್ರದ ಅಂಕಿ, ಅಲ್ಲಿ ಘಾಟಿಯೂ ಇಲ್ಲ, ಹಲಸಿನ ಹಣ್ಣೂ ಇಲ್ಲ. ಊರೊಳಗೆ ನನಗೆ 270ರ ಹತ್ತಿರ ಸಿಗುತ್ತದೆ. ಹೈವೇಯಲ್ಲಿ ಏಸಿ ಹಾಕಿ ಓಡಿಸಿದರೆ 230-240 ಅಂತ ಇಟ್ಟುಕೊಳ್ಳಿ. ಬೆಂಗಳೂರಿಗೆ 350 ಕಿಲೋಮೀಟರ್. ಅಂದರೆ ದಾರಿಯಲ್ಲಿ ನಿಲ್ಲಿಸಲೇಬೇಕು.

ದಾರಿಯ ಕಥೆಗೆ ಮೊದಲು ಮನೆಯ ಕಥೆ ಹೇಳುತ್ತೇನೆ, ಯಾಕೆಂದರೆ ಉಳಿತಾಯ ಎಲ್ಲ ಇರುವುದು ಅಲ್ಲಿಯೇ. 2023ರಲ್ಲಿ ಕಾರು ತಂದಾಗ ನನ್ನ ಲೆಕ್ಕ ಸುಲಭವಾಗಿತ್ತು. ತಿಂಗಳಿಗೆ 1100 ಕಿಲೋಮೀಟರ್ ಓಡಿಸುತ್ತೇನೆ, 175 ಯೂನಿಟ್ ಕರೆಂಟ್ ಬೇಕು, ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೂ 1200-1300ರಲ್ಲಿ ಮುಗಿಯುತ್ತದೆ ಅಂತ. ಮೆಸ್ಕಾಂ ಬಿಲ್ ಬಂದಾಗ ನೋಡಿದರೆ ಎರಡೂವರೆ ಸಾವಿರ ದಾಟಿತ್ತು. ಮೀಟರ್ ಕೆಟ್ಟಿದೆ ಅಂತ ಒಂದು ದಿನ ಜಗಳಕ್ಕೇ ನಿಂತಿದ್ದೆ. ಆಮೇಲೆ ಹೊಳೆಯಿತು: ನಮ್ಮ ಮನೆ ಬಳಕೆ 140 ಯೂನಿಟ್, ಅದು ಗೃಹಜ್ಯೋತಿಯಲ್ಲಿ ಉಚಿತವಾಗಿತ್ತು. ಕಾರು ಸೇರಿ ಒಟ್ಟು 315 ಆಯಿತು. 200 ದಾಟಿದರೆ ಜಾಸ್ತಿ ಆದ ಯೂನಿಟ್‌ಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ನಾವೇ ಕಟ್ಟಬೇಕು. ಕಾರಿನ ಜೊತೆ ಫ್ರಿಜ್, ಫ್ಯಾನ್, ಪಂಪ್ ಎಲ್ಲದರ ದುಡ್ಡೂ ಬಂತು.

ಆದ್ದರಿಂದ ಕಾರಿಗೆ ಬೇರೆ ಮೀಟರ್ ತೆಗೆದುಕೊಳ್ಳಿ. ಇವಿ ಚಾರ್ಜಿಂಗ್‌ಗೆ ಬೇರೆಯೇ ದರ ಇದೆ, ಮನೆ ಮೀಟರ್ 200ರ ಒಳಗೆ ಉಳಿಯುತ್ತದೆ. ಬಿಜೈಯಲ್ಲಿ ನಮ್ಮದು ಫ್ಲ್ಯಾಟ್, ಮೀಟರ್ ಕೋಣೆಯಿಂದ ಪಾರ್ಕಿಂಗ್‌ವರೆಗೆ ಕೇಬಲ್ ಎಳೆಸಲು ಅಸೋಸಿಯೇಷನ್ ಒಪ್ಪಿಗೆ ಬೇಕಾಯಿತು. ಮೂರು ಮೀಟಿಂಗ್ ಆಯಿತು. ಒಬ್ಬರು "ಬೆಂಕಿ ಹಿಡಿದರೆ?" ಅಂದರು, ಇನ್ನೊಬ್ಬರು "ನಮ್ಮ ಕಾಮನ್ ಕರೆಂಟ್ ಕದಿಯುತ್ತಾರೆ" ಅಂದರು. ಅವರೇ ಈಗ ಇವಿ ಬುಕ್ ಮಾಡಿದ್ದಾರೆ, ಇರಲಿ. ಕೇಬಲ್, ಎಂಸಿಬಿ, 15 ಆಂಪ್ ಸಾಕೆಟ್, ಕೂಲಿ ಸೇರಿ ನನಗೆ 18 ಸಾವಿರ ಬಿತ್ತು. ಕಾರಿನ ಬೆಲೆಗೆ ಇದನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಇನ್ನೊಂದು ಪಾಠ ಹೊರಡುವ ಹಿಂದಿನ ದಿನ ಸಿಕ್ಕಿತು. ಅಮ್ಮನನ್ನು ಕರೆತರಲು ಉಡುಪಿ ಕಡೆ ಕಟಪಾಡಿಗೆ ಹೋಗಿದ್ದೆ. ಊಟ ಮುಗಿಸಿ ನಿದ್ದೆ ಮಾಡಿ ಏಳುವಷ್ಟರಲ್ಲಿ ಒಂದಿಪ್ಪತ್ತು ಪರ್ಸೆಂಟ್ ತುಂಬಲಿ ಅಂತ ಪ್ಲಗ್ ಹಾಕಿದರೆ ಚಾರ್ಜರ್ ಡಬ್ಬಿಯಲ್ಲಿ ಕೆಂಪು ದೀಪ. ಪೋದ ಮಳೆಗಾಲದಲ್ಲಿ ಇದೇ ಸಾಕೆಟ್ ಸರಿಯಾಗಿತ್ತು. ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಕೂಡ ತೆಗೆಯದೆ ನೇರ ಹಿತ್ತಲಿಗೆ ಹೋದ. ಅರ್ಥಿಂಗ್ ಗುಂಡಿಯ ಮೇಲಿನ ಕಲ್ಲು ಸರಿಸಿದ. ಒಳಗೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪುಡಿ ಬೂದಿಯ ಹಾಗೆ ಒಣಗಿತ್ತು. ನಾಲ್ಕು ಕೊಡ ನೀರು ಹೊಯ್ದ, ಅಮ್ಮನಿಂದ ಒಂದು ಬೊಗಸೆ ಕಲ್ಲುಪ್ಪು ಕೇಳಿ ಹಾಕಿದ. ಅರ್ಧ ಗಂಟೆ ಬಿಟ್ಟು ಪ್ಲಗ್ ಹಾಕಿದರೆ ಹಸಿರು ದೀಪ! ನಮ್ಮ ಕರಾವಳಿಯ ಮುರಕಲ್ಲು ನೆಲದಲ್ಲಿ ನೀರು ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಅರ್ಥಿಂಗ್ ಕೈಕೊಡುತ್ತದೆ. ಮಿಕ್ಸಿ, ಫ್ರಿಜ್ ಅದನ್ನು ಕೇಳುವುದೇ ಇಲ್ಲ, ಇವಿ ಚಾರ್ಜರ್ ಮೊದಲು ಅರ್ಥಿಂಗ್ ನೋಡಿಯೇ ಕರೆಂಟ್ ಬಿಡುತ್ತದೆ. ನೆಂಟರ ಮನೆಯಲ್ಲಿ ಚಾರ್ಜ್ ಮಾಡುವ ಆಸೆ ಇದ್ದರೆ ಮೊದಲೇ ಕೇಳಿಕೊಳ್ಳಿ. ಮತ್ತೆ, ಮಿಕ್ಸಿಗೆ ಹಾಕುವ ತೆಳು ವಯರಿನ ಎಕ್ಸ್‌ಟೆನ್ಶನ್ ಬಾಕ್ಸ್ ಯಾವ ಕಾರಣಕ್ಕೂ ಬೇಡ. ಗಂಟೆಗಟ್ಟಲೆ 3 ಕಿಲೋವಾಟ್ ಎಳೆಯುತ್ತದೆ, ವಯರ್ ಕರಗಿ ಹೋಗುತ್ತದೆ. ಸಿಡಿಲು ಗುಡುಗು ಶುರುವಾದರೆ ನಾನು ಸುಮ್ನೆ ಪ್ಲಗ್ ತೆಗೆದುಬಿಡುತ್ತೇನೆ.

ಮರುದಿನ ಬೆಳಿಗ್ಗೆ ಐದೂವರೆಗೆ 100 ಪರ್ಸೆಂಟ್ ಇಟ್ಟುಕೊಂಡು ಹೊರಟೆವು. ಬ್ರಹ್ಮರಕೂಟ್ಲು ಟೋಲ್ ಕಟ್ಟಿ (ಇವಿ ಅಂತ ಇಲ್ಲಿ ರಿಯಾಯಿತಿ ಇಲ್ಲ, ಅಮ್ಮ ಕೇಳಿದರು), ಬಿ.ಸಿ. ರೋಡ್, ಕಲ್ಲಡ್ಕ, ಉಪ್ಪಿನಂಗಡಿ. ಇಲ್ಲಿ ವೇಗ ಸಿಗುವುದೇ ಇಲ್ಲ, ಅದು ಬ್ಯಾಟರಿಗೆ ಒಳ್ಳೆಯದೇ. ಗುಂಡ್ಯ ತಲುಪಿದಾಗ 82 ಕಿಲೋಮೀಟರ್ ಆಗಿತ್ತು, 71 ಪರ್ಸೆಂಟ್ ಉಳಿದಿತ್ತು. ಡಿಸ್‌ಪ್ಲೇ ನೋಡಿದರೆ ಇನ್ನೂ 200 ಹೋಗಬಹುದು ಅಂತ ತೋರಿಸುತ್ತದೆ. ನಂಬಬೇಡಿ. ಅದು ಹಿಂದಿನ ದಾರಿ ನೋಡಿ ಹೇಳುವ ಭವಿಷ್ಯ, ಮುಂದೆ ಘಾಟಿ ಇರುವುದು ಅದಕ್ಕೆ ಗೊತ್ತಿಲ್ಲ.

ಗುಂಡ್ಯದಿಂದ ಸಕಲೇಶಪುರಕ್ಕೆ ಎಂಟುನೂರು ಮೀಟರ್‌ನಷ್ಟು ಏರಬೇಕು. ಜನ, ಸಾಮಾನು ಸೇರಿ ಎರಡು ಟನ್ ಹತ್ತಿರದ ಗಾಡಿಯನ್ನು ಅಷ್ಟು ಎತ್ತರಕ್ಕೆ ಎತ್ತಲು ನಾಲ್ಕೂವರೆ ಯೂನಿಟ್ ಬೇಕು. ದಾರಿ ಓಡಲು ಬೇಕಾದ್ದರ ಮೇಲೆ ಇದು. ನನ್ನ ಬ್ಯಾಟರಿಗೆ ಹನ್ನೊಂದು ಪರ್ಸೆಂಟ್. ಘಾಟಿಯಲ್ಲಿ ಪರ್ಸೆಂಟ್ ಬೀಳುವುದನ್ನು ಮಗ ಕ್ರಿಕೆಟ್ ಕಾಮೆಂಟರಿ ತರ ಓದುತ್ತಿದ್ದ, "ಅರುವತ್ತೊಂದು, ಅರುವತ್ತು, ಐವತ್ತೊಂಬತ್ತು..." ಅಮ್ಮ ಕಣ್ಣು ಮುಚ್ಚಿ ಸುಬ್ರಹ್ಮಣ್ಯನನ್ನು ನೆನೆಸುತ್ತಿದ್ದರು. ಸಕಲೇಶಪುರದಲ್ಲಿ 43. ಮೊದಲ ಸಲ ಹೋಗುವವರಿಗೆ ಇದು ಹೆದರಿಕೆ ಹುಟ್ಟಿಸುತ್ತದೆ, ಗೊತ್ತಿದ್ದರೆ ಏನೂ ಅಲ್ಲ.

ಅಲ್ಲಿ ಒಂದು ಹೋಟೆಲ್ ಅಂಗಳದಲ್ಲಿ ಫಾಸ್ಟ್ ಚಾರ್ಜರ್ ಇದೆ ಅಂತ ಆ್ಯಪ್ ತೋರಿಸುತ್ತಿತ್ತು, "ಲಭ್ಯ" ಅಂತ ಹಸಿರು ಗುರುತು ಬೇರೆ. ತಿಂಡಿ ಅಲ್ಲೇ ಅಂತ ಲೆಕ್ಕ. ಹೋಗಿ ನೋಡಿದರೆ ಚಾರ್ಜರ್ ಸ್ಕ್ರೀನ್ ಕಪ್ಪು. ಗನ್ (ಕಾರಿಗೆ ಸಿಕ್ಕಿಸುವ ಚಾರ್ಜರ್ ಪ್ಲಗ್) ಮೇಲೆ ಯಾರೋ ಒದ್ದೆ ಟವೆಲ್ ಒಣಹಾಕಿದ್ದರು. ವಾಚ್‌ಮನ್ ಹೇಳಿದ, "ನಾಲ್ಕು ದಿನ ಆಯ್ತು ಸಾರ್, ರಿಪೇರಿಯವರು ಬಂದಿಲ್ಲ." ನಮ್ಮಲ್ಲಿ 43 ಇತ್ತು, ಹಾಸನಕ್ಕೆ 40 ಕಿಲೋಮೀಟರ್, ನಗುತ್ತಾ ಹೊರಟೆವು. ಅದೇ ಹತ್ತು ಪರ್ಸೆಂಟ್ ಇಟ್ಟುಕೊಂಡು ಬಂದಿದ್ದರೆ? ಅದಕ್ಕೇ ನನ್ನ ಕಟ್ಟಳೆ: ಯಾವ ಚಾರ್ಜರ್‌ಗೆ ಹೋದರೂ, ಅದು ಕೆಟ್ಟಿದ್ದರೆ ಮುಂದಿನದಕ್ಕೆ ಹೋಗುವಷ್ಟು ಇರಬೇಕು. ಮ್ಯಾಪಿನಲ್ಲಿರುವ ಫೋನ್ ನಂಬರ್‌ಗೆ ಅರ್ಧ ಗಂಟೆ ಮೊದಲೇ ಕರೆ ಮಾಡಿ, ಎತ್ತಿದವರನ್ನು "ಈಗ ಯಾವುದಾದರೂ ಕಾರು ಚಾರ್ಜ್ ಆಗುತ್ತಿದೆಯಾ?" ಅಂತ ಕೇಳಿ. "ಚಾರ್ಜರ್ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ, ಇರುವುದಂತೂ ನಿಜ ಅಲ್ವಾ! ಕರೆ ಮಾಡುವುದಿದ್ದರೆ ನೆಲ್ಯಾಡಿಯಲ್ಲೇ ಮಾಡಿ, ಘಾಟಿ ಒಳಗೆ ನೆಟ್‌ವರ್ಕ್ ಸಿಗುವುದು ಅದೃಷ್ಟ.

ಹಾಸನದಲ್ಲಿ 28ಕ್ಕೆ ಗನ್ ಹಾಕಿದೆವು. 60 ಕಿಲೋವಾಟ್ ಚಾರ್ಜರ್, ಎರಡು ಗನ್. ಶುರುವಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ಕಾರು ಬಂದು ಪಕ್ಕದ ಗನ್ ಹಾಕಿಕೊಂಡಿತು, ನಮ್ಮ ವೇಗ 30ಕ್ಕಿಂತ ಕೆಳಗೆ ಇಳಿಯಿತು. ಬೋರ್ಡಿನಲ್ಲಿ 60 ಅಂತ ಬರೆದಿದ್ದರೂ ಇಬ್ಬರಿದ್ದರೆ ಅರ್ಧರ್ಧ, ಇದನ್ನು ಯಾರೂ ಹೇಳುವುದಿಲ್ಲ. 82 ಆಗಲು ಒಂದು ಗಂಟೆ ಐದು ನಿಮಿಷ ಬೇಕಾಯಿತು. ಅಲ್ಲಿಗೆ ತೆಗೆದುಬಿಟ್ಟೆ. 80 ದಾಟಿದ ಮೇಲೆ ಕಾರೇ ಕರೆಂಟ್ ಕಡಿಮೆ ಎಳೆಯುತ್ತದೆ, ನೂರಕ್ಕೆ ಕಾಯುವುದು ಸಮಯ ದಂಡ, ಹಿಂದೆ ಕಾಯುವವರ ಶಾಪ ಬೇರೆ. ದುಡ್ಡು: ಯೂನಿಟ್‌ಗೆ 21 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 24.78. ಇಪ್ಪತ್ಮೂರೂವರೆ ಯೂನಿಟ್‌ಗೆ 582 ರೂಪಾಯಿ. ಮನೆಯ ದರದ ಮೂರೂವರೆ ಪಟ್ಟು!

ಅಲ್ಲಿಂದ ಮುಂದೆ ರಸ್ತೆ ಚೆನ್ನಾಗಿದೆ, ಹೇಳುವಂಥದ್ದು ಜಾಸ್ತಿ ಇಲ್ಲ. ಒಂದೇ ಮಾತು, ರಸ್ತೆ ಚೆನ್ನಾಗಿದೆ ಅಂತ ಒತ್ತಬೇಡಿ. 80ರಲ್ಲಿ ಹೋದರೆ ನನಗೆ ಯೂನಿಟ್‌ಗೆ 7 ಕಿಲೋಮೀಟರ್ ಹತ್ತಿರ ಬರುತ್ತದೆ, 100 ದಾಟಿದರೆ 5ಕ್ಕೆ ಬೀಳುತ್ತದೆ. ಹತ್ತು ನಿಮಿಷ ಬೇಗ ಹೋಗಿ ಚಾರ್ಜರ್‌ನಲ್ಲಿ ಇಪ್ಪತ್ತು ನಿಮಿಷ ಕೂರುವುದು ಯಾವ ಲಾಭ? ಬೆಳ್ಳೂರು ಕ್ರಾಸ್ ಹತ್ತಿರ ಕಾಫಿಗೆ ನಿಂತು 47ರಿಂದ 70 ಮಾಡಿಕೊಂಡೆವು, 212 ರೂಪಾಯಿ. ತಮ್ಮನ ಮನೆ ಮುಟ್ಟಿದಾಗ 28 ಇತ್ತು.

ಮನೆಯಲ್ಲಿ ತುಂಬಿಸಿದ್ದು 315 ರೂಪಾಯಿ ಅಂತ ಹಿಡಿದರೆ ಹೋಗುವಾಗಿನ ಖರ್ಚು 1,109. ನನ್ನ ಹಳೆ ಪೆಟ್ರೋಲ್ ಕಾರು ಲೀಟರಿಗೆ 14 ಕೊಡುತ್ತಿತ್ತು, 25 ಲೀಟರ್, 103ರ ಲೆಕ್ಕದಲ್ಲಿ 2,575 ಆಗುತ್ತಿತ್ತು. ಅರ್ಧಕ್ಕಿಂತ ಕಡಿಮೆ ಆಯಿತು, ನಿಜ. ಆದರೆ ಒಂದೂವರೆ ಗಂಟೆ ಜಾಸ್ತಿ ಹಿಡಿಯಿತು. ಊರೊಳಗೆ ಸಿಗುವ ಉಳಿತಾಯ ಹೈವೇಯಲ್ಲೂ ಸಿಗುತ್ತದೆ ಅಂತ ಅಂದುಕೊಂಡು ಇವಿ ತೆಗೆದುಕೊಳ್ಳಬೇಡಿ. ವಾರಕ್ಕೆರಡು ಸಲ ಬೆಂಗಳೂರಿಗೆ ಓಡುವವರು, ಮನೆಯಲ್ಲಿ ಪ್ಲಗ್ ಇಲ್ಲದವರು, ಇನ್ನೊಂದು ಸಲ ಯೋಚಿಸಿ. ಇನ್ನೊಂದು ಸಣ್ಣ ಖರ್ಚಿದೆ, ಅದು ಯಾರ ಲೆಕ್ಕದಲ್ಲೂ ಬರುವುದಿಲ್ಲ. ಪ್ರತಿ ಕಂಪನಿಗೂ ಒಂದೊಂದು ಆ್ಯಪ್, ಪ್ರತಿ ಆ್ಯಪಿನಲ್ಲೂ ಮೊದಲೇ ದುಡ್ಡು ಹಾಕಬೇಕು. ನನ್ನ ನಾಲ್ಕು ಆ್ಯಪಿನಲ್ಲಿ ಈಗ ಒಟ್ಟು 640 ರೂಪಾಯಿ ಚಿಲ್ಲರೆ ಚಿಲ್ಲರೆಯಾಗಿ ಕೂತಿದೆ. ಆ್ಯಪ್ ಹಾಕಿಕೊಳ್ಳುವುದು, ಒಟಿಪಿ, ದುಡ್ಡು ತುಂಬುವುದು ಎಲ್ಲ ಮನೆಯಲ್ಲೇ ಮುಗಿಸಿ ಹೊರಡಿ.

ವಾಪಸ್ ಬರುವುದು ಸುಖ. ತಮ್ಮನ ಹೊಸ ಮನೆಯಲ್ಲಿ ರಾತ್ರಿ ಪ್ಲಗ್ ಹಾಕಿ ಬೆಳಿಗ್ಗೆಗೆ ನೂರು. ಚನ್ನರಾಯಪಟ್ಟಣದ ಹತ್ತಿರ ಊಟಕ್ಕೆ ನಿಂತು ಒಂದೇ ಸಲ ಚಾರ್ಜ್. ಘಾಟಿ ಇಳಿಯುವಾಗ ರೀಜೆನ್ (ಮೋಟಾರೇ ಕಾರಿನ ವೇಗ ತಗ್ಗಿಸಿ ಆ ಶಕ್ತಿಯನ್ನು ಬ್ಯಾಟರಿಗೆ ತುಂಬುವುದು) ಜೋರಾಗಿ ಇಟ್ಟರೆ ಬ್ರೇಕ್ ಮುಟ್ಟುವ ಕೆಲಸವೇ ಕಡಿಮೆ. ಮಾರನಹಳ್ಳಿಯಲ್ಲಿ 58 ಇದ್ದದ್ದು ಗುಂಡ್ಯದಲ್ಲಿ 59. ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಓಡಿ ಒಂದು ಪರ್ಸೆಂಟ್ ಲಾಭ! ಆದರೆ ಸಕಲೇಶಪುರದ ಹೋಮ್‌ಸ್ಟೇಯಲ್ಲಿ ಉಳಿದು ರಾತ್ರಿ ಪೂರ್ತಿ ನೂರು ತುಂಬಿಸಿ ಇಳಿಯಬೇಡಿ. ಬ್ಯಾಟರಿ ತುಂಬಿದ್ದರೆ ಹೊಸ ಕರೆಂಟ್ ಹೋಗಲು ಜಾಗವೇ ಇರುವುದಿಲ್ಲ, ರೀಜೆನ್ ಕೆಲಸ ಮಾಡುವುದಿಲ್ಲ, ಇಡೀ ಘಾಟಿ ಬ್ರೇಕ್ ಮೇಲೆ ಇಳಿಯಬೇಕಾಗುತ್ತದೆ. 85ಕ್ಕೆ ನಿಲ್ಲಿಸಿ.

ಮಳೆಗಾಲದಲ್ಲಿ ಹೋಗುವವರಿಗೆ ಇದರ ಮೇಲೆ ಇನ್ನೊಂದಿಷ್ಟು ಬೇಕು. 2024ರ ಜುಲೈಯಲ್ಲಿ ದೊಡ್ಡತಪ್ಪಲು ಹತ್ತಿರ ಗುಡ್ಡ ಜರಿದು ರಸ್ತೆ ಬಂದ್ ಆದದ್ದು ನೆನಪಿರಬಹುದು. ಗುಂಡ್ಯದವರೆಗೆ ಹೋದ ಮೇಲೆ ವಾಪಸ್ ಕಳಿಸಿದರೆ ಉಪ್ಪಿನಂಗಡಿಗೆ ತಿರುಗಿ, ಗುರುವಾಯನಕೆರೆ, ಉಜಿರೆ ಮೇಲೆ ಚಾರ್ಮಾಡಿ ಹತ್ತಬೇಕು. ಅರುವತ್ತು ಕಿಲೋಮೀಟರ್ ಸುಮ್ನೆ ಹೋಯಿತು, ಅದರ ಮೇಲೆ ಪೂರ್ತಿ ಒಂದು ಘಾಟಿ. ಪೆಟ್ರೋಲ್ ಕಾರಿನವನಿಗೆ ಅದು ಬರೀ ಕಿರಿಕಿರಿ, ನಮಗೆ 43ರ ಬದಲು 20 ಇಟ್ಟುಕೊಂಡು ಕೊಟ್ಟಿಗೆಹಾರ ತಲುಪುವ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಉಪ್ಪಿನಂಗಡಿಯಲ್ಲಿ ಬನ್ಸ್ ತಿನ್ನಲು ನಿಲ್ಲಿಸಿ, ಮೇಲಿಂದ ಬಂದ ಲಾರಿಯವರನ್ನು ಘಾಟಿ ಹೇಗಿದೆ ಅಂತ ಕೇಳಿಯೇ ಮುಂದೆ ಹೋಗುತ್ತೇನೆ.