ಗೋಡೆ ಮೊದಲು, ಬಣ್ಣ ಆಮೇಲೆ

ನಮ್ಮ ಮಧುಗಿರಿ ಸೀಮೆಯಲ್ಲಿ ಉಳಿದುಕೊಂಡಿರುವ ಹಳೆಯ ಮನೆಗಳ ಗೋಡೆ ಸಾಮಾನ್ಯವಾಗಿ ಎರಡು ಮೂರು ತಲೆಮಾರಿನ ಕೆಲಸವನ್ನು ಹೊತ್ತು ನಿಂತಿರುತ್ತದೆ. ತಳದಲ್ಲಿ ಮೊಣಕಾಲಿನ ಮಟ್ಟದವರೆಗೆ ಕಲ್ಲಿನ ಕಟ್ಟಡ, ಅದರ ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಅದಕ್ಕೆ ತೆಳುವಾದ ಸುಣ್ಣದ ಗಾರೆ, ಗಾರೆಯ ಮೇಲೆ ಹಬ್ಬ ಹಬ್ಬಕ್ಕೂ ಬಳಿದ ಸುಣ್ಣ, ಆ ಸುಣ್ಣದ ಮೇಲೆ ತಿಳಿನೀಲಿ ಡಿಸ್ಟೆಂಪರ್, ಕೊನೆಗೆ ಯಾರದೋ ಮದುವೆಯ ಅವಸರದಲ್ಲಿ ಹೊಡೆಸಿದ ಎಣ್ಣೆ ಬಣ್ಣ. ಇಂತಹ ಗೋಡೆಯ ಎದುರು ನಿಂತು, ಅಂಗಡಿಯವರು ಕೊಟ್ಟ ಬಣ್ಣದ ಕಾರ್ಡನ್ನು ಬಿಡಿಸಿಕೊಂಡು ಯಾವುದು ಚೆನ್ನ ಎಂದು ಚರ್ಚಿಸುವುದು ಈಗಿನ ರೂಢಿಯಾಗಿದೆ. ತಾತನ ಕಾಲದ ನಮ್ಮ ಮನೆಯನ್ನು ರಿಪೇರಿ ಮಾಡಿಸುವಾಗ ನಾವು ಆ ಕಾರ್ಡನ್ನು ಬಹಳ ದಿನ ಬೀರುವಿನಲ್ಲಿಯೇ ಇಟ್ಟಿದ್ದೆವು. ಯಾವ ಬಣ್ಣ ನಿಲ್ಲುತ್ತದೆ ಎಂಬುದನ್ನು ಗೋಡೆಯೊಳಗಿನ ತೇವ ನಿರ್ಧರಿಸುತ್ತದೆಯೇ ಹೊರತು ನಮ್ಮ ಅಭಿರುಚಿ ನಿರ್ಧರಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬೀದಿ ಕಡೆಯ ಗೋಡೆ ಕೆಳಗಿನ ಮೂರಡಿಯಷ್ಟು ಥಂಡಿ ಹಿಡಿದಿತ್ತು. ಬಣ್ಣ ಹೊಪ್ಪಳೆ ಹೊಪ್ಪಳೆಯಾಗಿ ಎದ್ದು, ಬೆರಳಿನಿಂದ ಒತ್ತಿದರೆ ಒಳಗಿನಿಂದ ಹಿಟ್ಟಿನಂತಹ ಉಪ್ಪು ಉದುರುತ್ತಿತ್ತು. ಕಾರಣ ಗೋಡೆಯಲ್ಲಿರಲಿಲ್ಲ, ಬೀದಿಯಲ್ಲಿತ್ತು. ಹಳೆಯ ಮಣ್ಣಿನ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಸಿಮೆಂಟ್ ರಸ್ತೆ, ಆ ರಸ್ತೆಯ ಮೇಲೆ ಇನ್ನೊಂದು ಪದರ ಹಾಕಿದ ಪರಿಣಾಮವಾಗಿ, ಒಂದು ಕಾಲಕ್ಕೆ ಮೆಟ್ಟಿಲು ಹತ್ತಿ ಬರಬೇಕಾಗಿದ್ದ ಜಗಲಿ ಈಗ ರಸ್ತೆಯ ಮಟ್ಟಕ್ಕೆ ಬಂದಿದೆ. ಮಳೆ ಬಂದರೆ ನೀರು ಗೋಡೆಯ ಬುಡಕ್ಕೇ ಬಂದು ನಿಲ್ಲುತ್ತದೆ. ನಮ್ಮ ಜಿಲ್ಲೆಯಲ್ಲಿ ಹೀಗೆ ರಸ್ತೆ ಮೇಲೇರಿ ಮನೆ ಕೆಳಗಿಳಿದ ಬೀದಿಗಳನ್ನು ಯಾವ ಊರಿಗೆ ಹೋದರೂ ಕಾಣಬಹುದು.

ನೆಲದ ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ತಾನಾಗಿಯೇ ಮೇಲೇರುತ್ತದೆ. ಹಾಗೆ ಏರುವಾಗ ನೆಲದ ಲವಣಗಳನ್ನೂ ಕರಗಿಸಿ ಹೊತ್ತೊಯ್ಯುತ್ತದೆ. ಗೋಡೆಯ ಮೇಲ್ಮೈಗೆ ಬಂದ ನೀರು ಆವಿಯಾದರೂ ಉಪ್ಪು ಅಲ್ಲಿಯೇ ಹರಳುಗಟ್ಟಿ, ಆ ಹರಳು ಬೆಳೆಯುವ ಒತ್ತಡಕ್ಕೆ ಗಾರೆ ಸಿಡಿಯುತ್ತದೆ. ಸುಣ್ಣದ ಗಾರೆ ಈ ನೀರನ್ನು ಹೊರಗೆ ಬಿಡುತ್ತದೆ. ಬೇಸಿಗೆಯಲ್ಲಿ ಗೋಡೆ ಒಣಗಿ ಲೆಕ್ಕ ಸರಿಹೋಗುತ್ತದೆ. ಸಿಮೆಂಟ್ ಪ್ಲಾಸ್ಟರ್ ಮಾಡಿದರೆ ನೀರು ಹೊರಬರುವ ದಾರಿ ಬಹುಪಾಲು ಮುಚ್ಚಿಹೋಗಿ, ತೇವ ಗೋಡೆಯೊಳಗೇ ಇನ್ನೂ ಎತ್ತರಕ್ಕೆ ಏರುತ್ತದೆ. ನಮ್ಮ ಮನೆಯಲ್ಲಿ ಹಿಂದೊಮ್ಮೆ ಗಟ್ಟಿಯಾಗಲಿ ಎಂದು ಕೆಳಗಿನ ಭಾಗಕ್ಕೆ ಸಿಮೆಂಟ್ ಪಟ್ಟಿ ಹೊಡೆಸಿದ್ದರು. ಅದನ್ನು ಕೆಡವಿದಾಗ ಸಿಮೆಂಟು ಹಾಳೆಯಂತೆ ಒಂದೇ ತುಂಡಾಗಿ ಕಳಚಿಬಂತು. ಹಿಂದಿನ ಮಣ್ಣು ಕೈಯಲ್ಲಿ ಹಿಸುಕಿದರೆ ಉಂಡೆಯಾಗುವಷ್ಟು ಒದ್ದೆಯಾಗಿತ್ತು.

ಮೇಸ್ತ್ರಿ ಮೊದಲ ದಿನ ಗೋಡೆಯನ್ನು ಮುಟ್ಟಲೇ ಇಲ್ಲ. "ಮೊದ್ಲು ಚರಂಡಿ ನೋಡನ ಸ್ವಾಮಿ, ಗೋಡೆ ಎಲ್ಲೂ ಓಡೋಗಲ್ಲ" ಎಂದು ಹೇಳಿ, ಗೋಡೆಯ ಬುಡದಿಂದ ಒಂದಿಷ್ಟು ಬಿಟ್ಟು ಕಾಲುವೆ ತೆಗೆಸಿ, ಇಳಿಜಾರು ಕೊಟ್ಟು, ಜಲ್ಲಿ ತುಂಬಿಸಿದರು. ಬಚ್ಚಲಿನ ನೀರು ಹೋಗುವ ಪೈಪು ಒಡೆದಿದ್ದನ್ನು ಬದಲಾಯಿಸಿದೆವು, ಸೂರಿನ ನೀರು ಗೋಡೆಯಿಂದ ದೂರ ಬೀಳುವಂತೆ ಮಾಡಿದೆವು. ಆಮೇಲೆ ಸಿಮೆಂಟ್ ತೆಗೆದ ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಬರಿಮೈಯಲ್ಲಿ ಒಣಗಲು ಬಿಟ್ಟೆವು. ಹೊರಗೆ ಬಂದ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಸೇರಿಕೊಳ್ಳುತ್ತದೆ. ಮನೆ ನೋಡಲು ಬಂದವರೆಲ್ಲ ಕೆಲಸ ನಿಂತುಹೋಗಿದೆಯೇ ಎಂದು ಕೇಳುತ್ತಿದ್ದರು. ರಿಪೇರಿಯಲ್ಲಿ ಅತ್ಯಂತ ಮುಖ್ಯವಾದ ಭಾಗಕ್ಕೆ ಖರ್ಚೂ ಇಲ್ಲ, ನೋಡುವವರಿಗೆ ಕೆಲಸವೂ ಕಾಣುವುದಿಲ್ಲ.

ಗೋಡೆ ಒಣಗಿದ ಮೇಲೆ ಕರಣೆಯ ಹಿಡಿಯಿಂದ ಅಂಗೈಯಗಲಕ್ಕೊಂದರಂತೆ ತಟ್ಟುತ್ತಾ ಹೋದೆವು. ಗಟ್ಟಿಯಾದ ಕಡೆ ಸದ್ದು ಮೊಂಡಾಗಿ ಬರುತ್ತದೆ, ಗಾರೆ ಬಿಟ್ಟುಕೊಂಡ ಕಡೆ ಪೊಳ್ಳು ಸದ್ದು ಬರುತ್ತದೆ. ಪೊಳ್ಳಾದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಅಷ್ಟನ್ನು ಮಾತ್ರ ಕೆತ್ತಿದೆವು. ಗಟ್ಟಿಯಾಗಿರುವ ಹಳೆಯ ಗಾರೆಯನ್ನು ಎಲ್ಲವೂ ಹೊಸದಾಗಲಿ ಎಂಬ ಉಮೇದಿನಲ್ಲಿ ಕಿತ್ತುಹಾಕುವುದು ದಂಡದ ಕೆಲಸ. ಬಿರುಕುಗಳಲ್ಲಿಯೂ ವ್ಯತ್ಯಾಸವಿದೆ: ಕೂದಲೆಳೆಯಂತಹ ಬಿರುಕು ಗಾರೆಯದ್ದು, ಅದಕ್ಕೆ ಹೆದರಬೇಕಾಗಿಲ್ಲ, ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿ ಬರಬರುತ್ತಾ ಅಗಲವಾಗುವ ಬಿರುಕು ಪಾಯ ಕುಸಿದಿರುವುದರ ಅಥವಾ ಕಿಟಕಿಯ ಮೇಲಿನ ತೊಲೆ ಸೋತಿರುವುದರ ಸೂಚನೆ. ಬಿರುಕಿನ ಎರಡು ತುದಿಗೂ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಬರೆದಿಟ್ಟು, ಕೆಲವು ತಿಂಗಳ ಬಳಿಕ ಅದು ಗೆರೆ ದಾಟಿದೆಯೇ ಎಂದು ನೋಡಬೇಕು. ದಾಟಿದ್ದರೆ ಪುಟ್ಟಿ ತುಂಬಿ ಬಣ್ಣ ಹಚ್ಚುವುದು ವ್ಯರ್ಥ. ಎಂಜಿನಿಯರರನ್ನು ಕರೆಸಿ ತೋರಿಸಬೇಕು.

ಮಣ್ಣಿನ ಗೋಡೆಗೆ ಮಣ್ಣನ್ನೇ ತುಂಬಬೇಕು. ಕೆಡವಿದ ಗೋಡೆಯ ಮಣ್ಣನ್ನೇ ಜರಡಿ ಹಿಡಿದು, ಸ್ವಲ್ಪ ಮರಳು ಮತ್ತು ಸಣ್ಣಗೆ ಕತ್ತರಿಸಿದ ಹುಲ್ಲನ್ನು ಸೇರಿಸಿ, ಕಾಲಿನಲ್ಲಿ ತುಳಿದು, ಕೆಲವು ದಿನ ನೆನೆಯಲು ಬಿಟ್ಟರು. ಹುಲ್ಲು ಇರುವುದರಿಂದ ಮಣ್ಣು ಒಣಗುವಾಗ ಬಿರಿಯುವುದು ಕಡಿಮೆಯಾಗುತ್ತದೆ. ಗುಂಡಿಯ ಅಂಚನ್ನು ಕೆರೆದು, ನೀರು ಚಿಮುಕಿಸಿ, ಮಣ್ಣನ್ನು ಉಂಡೆ ಕಟ್ಟಿ ಜೋರಾಗಿ ಎಸೆದು ಒತ್ತಿದರು. ಆಳವಾದ ಗುಂಡಿಯನ್ನು ಒಂದೇ ಸಲಕ್ಕೆ ತುಂಬದೆ ಪದರ ಪದರವಾಗಿ ಒಣಗಿಸಿ ತುಂಬಿದರು. ಹಿಂಬದಿಯಲ್ಲಿ ಪೂರ್ತಿ ಬಿದ್ದುಹೋಗಿದ್ದ ಒಂದು ಮೂಲೆಯನ್ನು ಮಾತ್ರ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿಸಿದೆವು. ಈ ವಿಧಾನ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ವಿಜ್ಞಾನ ತಂತ್ರಜ್ಞಾನವನ್ನು ಅನ್ವಯಿಸಲೆಂದು 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಇಂತಹ ಇಟ್ಟಿಗೆಗಳ ಮೇಲೆ ಬಹಳ ಕೆಲಸ ಮಾಡಿದೆ. ಅದರ ವಿಸ್ತರಣಾ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ.

ಗಾರೆಗೆ ಬೇಕಾದ ಸುಣ್ಣವನ್ನು ಡ್ರಮ್ಮಿನಲ್ಲಿ ನಾವೇ ಅರಳಿಸಿದೆವು. ನೀರಿಗೆ ಸುಣ್ಣದ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಕಲ್ಲಿನ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುವ ಅಪಾಯವಿದೆ. ಕಣ್ಣಿಗೆ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಯಾರೂ ಇಳಿಯಬಾರದು. ಅರಳಿದ ಸುಣ್ಣವನ್ನು ನೀರಿನಡಿಯಲ್ಲಿ ಕೆಲವು ವಾರ ಇಟ್ಟಷ್ಟೂ ಬೆಣ್ಣೆಯಾಗುತ್ತದೆ. ಹಳಬರು ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದರು. ನಮ್ಮ ಮೇಸ್ತ್ರಿ ಬೆಲ್ಲವನ್ನು ಉಳಿಸಿಕೊಂಡು ಅಳಲೆಕಾಯಿಯನ್ನು ಬಿಟ್ಟರು. ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಅದೂ ನಿಧಾನವಾಗಿ. ಸುಡುಬಿಸಿಲಿನಲ್ಲಿ ಬೇಗ ಒಣಗಿದರೆ ಪುಡಿಯಾಗುತ್ತದೆಯಾದ್ದರಿಂದ ಈ ಕೆಲಸಕ್ಕೆ ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ದಿನಗಳು ನಮ್ಮ ಕಡೆ ಸೂಕ್ತ.

ಬಾಗಿಲು, ಕಂಬಗಳ ಹಳೆಯ ಎಣ್ಣೆ ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ಕೇಂದ್ರದ ನಿಯಮ ಪ್ರಕಟವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು ಎಂದೇ ಭಾವಿಸಿ, ಒಣ ಉಜ್ಜುಕಾಗದದಿಂದ ಧೂಳೆಬ್ಬಿಸದೆ ಒದ್ದೆ ಮಾಡಿ ಉಜ್ಜಬೇಕು. ಆ ದಿನಗಳಲ್ಲಿ ಮಕ್ಕಳನ್ನು ಮನೆಯಿಂದ ದೂರ ಇಡಬೇಕು.

ಇಷ್ಟೆಲ್ಲ ಆದ ಮೇಲೆ ಕಾರ್ಡನ್ನು ತೆಗೆದು ನೋಡಿದರೆ ಅದರ ಮುಕ್ಕಾಲು ಪಾಲು ಬಣ್ಣಗಳು ನಮ್ಮ ಗೋಡೆಗೆ ಆಗಿಬರುವಂಥವಾಗಿರಲಿಲ್ಲ. ಸುಣ್ಣ ಪ್ರಬಲ ಕ್ಷಾರ. ಅದರಲ್ಲಿ ಕೆಮ್ಮಣ್ಣು, ಹಳದಿ ಮಣ್ಣು, ಕಬ್ಬಿಣದ ಆಕ್ಸೈಡಿನ ಕೆಂಪು ಮತ್ತು ಕಪ್ಪು, ಬಟ್ಟೆಗೆ ಹಾಕುವ ನೀಲಿಯ ಪುಡಿ ಇಂಥವು ನಿಲ್ಲುತ್ತವೆ; ಉಳಿದ ಅನೇಕ ಬಣ್ಣಗಳು ಮಂಕಾಗುತ್ತವೆ. ಆಯ್ಕೆ ಹೀಗೆ ಕಡಿಮೆಯಾದದ್ದು ನಮಗೆ ಅನುಕೂಲವೇ ಆಯಿತು. ಬಕೆಟ್ಟಿನಲ್ಲಿ ಗಾಢವಾಗಿ ಕಾಣುವ ಸುಣ್ಣದ ಬಣ್ಣ ಒಣಗಿದಾಗ ಬಹಳ ತಿಳಿಯಾಗುತ್ತದೆ. ಅಂಗಡಿಯ ಬಣ್ಣದ್ದು ಬೇರೆ ಕಥೆ: ಕಾರ್ಡಿನ ಬೆರಳಗಲದ ಚೌಕದಲ್ಲಿ ತಿಳಿಯಾಗಿ ಕಂಡದ್ದು ನಾಲ್ಕು ಗೋಡೆಗೆ ಹಚ್ಚಿದಾಗ ಗಾಢವಾಗಿ ಮೈಮೇಲೆ ಬರುತ್ತದೆ. ಎರಡಕ್ಕೂ ಉಪಾಯ ಒಂದೇ. ಎರಡಡಿ ಚೌಕದಷ್ಟನ್ನು ಗೋಡೆಗೇ ಹಚ್ಚಿ, ಬೆಳಿಗ್ಗೆ, ಇಳಿಹೊತ್ತಿನಲ್ಲಿ ಮತ್ತು ರಾತ್ರಿ ದೀಪದ ಬೆಳಕಿನಲ್ಲಿ ನೋಡಬೇಕು. ಬೆಳಗಿನ ಬಿಸಿಲಿನಲ್ಲಿ ಕೆನೆಯಂತಿದ್ದ ನಮ್ಮ ಪಡಸಾಲೆಯ ಹಳದಿ, ಬಿಳಿ ಎಲ್‌ಇಡಿ ಬಲ್ಬಿನ ಕೆಳಗೆ ಹಸಿರು ಬೆರೆತಂತೆ ರೋಗಿಷ್ಠವಾಗಿ ಕಂಡಿತು. ಬಣ್ಣವನ್ನು ಬದಲಿಸಲಿಲ್ಲ, 3000 ಕೆಲ್ವಿನ್‌ನ ಬೆಚ್ಚನೆಯ ಬಲ್ಬು ಹಾಕಿಸಿದೆವು.

ಹಳೆಯ ಮನೆಗಳ ಕಿಟಕಿ ಚಿಕ್ಕದು, ಗೋಡೆ ದಪ್ಪ, ಆದ್ದರಿಂದ ಒಳಗೆ ಬೆಳಕು ಕಡಿಮೆ. ಒಳಗೋಡೆಗಳಿಗೆ ಹಳದಿ ಮಣ್ಣಿನ ಸುಳಿವಷ್ಟೇ ಇರುವ ಬಿಳಿ, ಕಿಟಕಿಯ ಒಳಮೈಗೆ ಅಪ್ಪಟ ಸುಣ್ಣ; ಅಲ್ಲಿ ಬಿದ್ದ ಬೆಳಕು ಕೋಣೆಯೊಳಕ್ಕೆ ಹರಡುತ್ತದೆ. ಹೊರಗೋಡೆಯ ಬುಡಕ್ಕೆ ಒಂದೂವರೆ ಅಡಿ ಎತ್ತರ ಕೆಮ್ಮಣ್ಣಿನ ಪಟ್ಟೆ ಬಳಿಸಿದೆವು. ಮಳೆಹನಿ ನೆಲಕ್ಕೆ ಬಡಿದು ಕೆಂಪು ಮಣ್ಣು ಎರಚುವುದು ಸರಿಯಾಗಿ ಅಷ್ಟೇ ಎತ್ತರಕ್ಕೆ. ಪಟ್ಟೆಯಿದ್ದರೆ ಆ ಕೊಳೆ ಕಾಣುವುದಿಲ್ಲ, ಆ ಭಾಗವನ್ನಷ್ಟೇ ಮತ್ತೆ ಬಳಿದುಕೊಳ್ಳಲೂ ಸುಲಭ. ಶಿರಾದಿಂದ ಬಂದಿದ್ದ ದೊಡ್ಡಮ್ಮ ಅದನ್ನು ನೋಡಿ, "ಮನೆ ಮಾಡ್ಸಿದೀಯೋ ಗುಡಿ ಮಾಡ್ಸಿದೀಯೋ, ಮಂಗಳಾರತಿ ಎಷ್ಟೊತ್ತಿಗೆ?" ಎಂದು ಕೇಳಿದರು. ಗುಡಿಯ ಗೋಡೆಯ ಸುಣ್ಣ ಕೆಮ್ಮಣ್ಣು ನೆನಪಾದರೆ ನನಗೇನೂ ಬೇಸರವಿಲ್ಲ.

ಹಿಂಬದಿಯ ಅಡುಗೆಮನೆ ಮತ್ತು ಬಚ್ಚಲು ಇಟ್ಟಿಗೆ ಸಿಮೆಂಟಿನವು. ಅವಕ್ಕೆ ಈ ಯಾವ ನಿಯಮವೂ ಅನ್ವಯಿಸುವುದಿಲ್ಲ. ಹೊಸ ಪ್ಲಾಸ್ಟರ್ ನಾಲ್ಕು ವಾರ ಒಣಗಿದ ಮೇಲೆ ಪ್ರೈಮರ್, ಅದರ ಮೇಲೆ ತೊಳೆಯಬಹುದಾದ ಎಮಲ್ಷನ್ ಹೊಡೆಸಿದೆವು. ಎಮಲ್ಷನ್ ಅಥವಾ ಎಣ್ಣೆ ಬಣ್ಣದ ಮೇಲೆ ಸುಣ್ಣ ಹಿಡಿಯುವುದಿಲ್ಲ, ಚಕ್ಕೆ ಎದ್ದು ಬರುತ್ತದೆ. ಸುಣ್ಣ ಬಳಿಯಬೇಕಾದ ಗೋಡೆಯಿಂದ ಅವನ್ನು ಪೂರ್ತಿ ಕೆರೆದು ತೆಗೆದಿರಬೇಕು. ಸುಣ್ಣದ ಗೋಡೆಗೆ ಒರಗಿದರೆ ಬಟ್ಟೆಗೆ ಹತ್ತುತ್ತದೆ ಎಂಬ ದೂರು ನಿಜ. ಅಂಟು ಬೆರೆಸಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬೀದಿ ಕಡೆಯ ಗೋಡೆಯಲ್ಲಿ ಅಲ್ಲಲ್ಲಿ ಇನ್ನೂ ಉಪ್ಪು ಹೊರಬರುತ್ತಿದೆ. ಅದನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಿದ್ದೇವೆ. ಮಳೆಗಾಲ ಕಳೆದ ಮೇಲೆ ಅಷ್ಟು ಜಾಗಕ್ಕೆ ಮತ್ತೊಂದು ಕೈ ಸುಣ್ಣ ಬಳಿಸಬೇಕು.